ಆಸ್ಪತ್ರೆಯ ದಿನವೇ ಹತ್ತುವ ದೀಪ

ಅಯ್ಯೋ ದೇವರೇ… ಇವನಾ!

ಗೋಕಾಕದ ಆ ಗ್ಯಾರೇಜಿನಲ್ಲಿ ಜೀಪಿನ ಅಡಿಯಿಂದ ಎದ್ದು ಬಂದವನನ್ನು ಕಂಡು ತ್ರಿಶಲಾ ಎರಡು ಹೆಜ್ಜೆ ಹಿಂದೆ ಸರಿದಳು. ಮೂರು ವರ್ಷದ ಹಿಂದೆ, 2003ರಲ್ಲಿ, ಮೂಡಲಗಿಯ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದ ಹುಕ್ಕೇರಿಯ ಧನ್ಯಕುಮಾರ! ತಟ್ಟೆಯ ಅವಲಕ್ಕಿ ಖಾಲಿ ಮಾಡಿ, ಅವಳನ್ನೇ ನೋಡಿ ನಕ್ಕು, ಆಮೇಲೆ 'ಹುಡುಗಿ ಬೇಡ' ಎಂದು ಹೇಳಿ ಕಳಿಸಿದವನು.

ವಾಪಸ್ ಹೋಗಿಬಿಡಲಾ? ಹೋಗುವುದಾದರೂ ಎಲ್ಲಿಗೆ? ಮೂರು ಗ್ಯಾರೇಜಿನವರು ಆಗಲೇ ಕೈಚೆಲ್ಲಿದ್ದರು.

"ಏನಾಗೇತ್ರಿ ಗಾಡಿಗೆ?" ಎಂದ. ಅವನಿಗೂ ಅವಳ ಗುರುತು ಸಿಕ್ಕಿದೆ, ಇಲ್ಲದಿದ್ದರೆ ಆ ಕಣ್ಣು ಅಷ್ಟು ಕಷ್ಟಪಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ.

"ಈ ಹಳದಿ ಇಂಜಿನ್ ದೀಪ ಹತ್ತತೈತ್ರಿ. ಹತ್ತಿದ ಮ್ಯಾಲೆ ಗಾಡಿ ಜಗ್ಗಿ ಜಗ್ಗಿ ನಿಂತಬಿಡತೈತಿ. ಎರಡು ತಾಸು ಬಿಟ್ರ ತಾನ ಚಾಲೂ ಆಗತೈತಿ, ದೀಪಾನೂ ಇರಂಗಿಲ್ಲ."

"ಯಾವಾಗ ಹತ್ತತೈತಿ?"

"ಸೋಮವಾರ, ಗುರುವಾರ."

"ಗಾಡಿಗೆ ವಾರ ತಿಳಿಯಂಗಿಲ್ಲರಿ…"

"ನಮ್ಮ ಗಾಡಿಗೆ ತಿಳೀತೈತಿ!" ಅವಳ ಸಿಟ್ಟು ಅಳುವಾಗಿ ಒಡೆಯಿತು. "ಆ ಎರಡು ದಿನಾನ ಅಪ್ಪನ್ನ ಬೆಳಗಾವಿಗೆ ಡಯಾಲಿಸಿಸ್‌ಗೆ ಕರಕೊಂಡು ಹೋಗೋದು. ಮೊನ್ನೆ ಸೋಮವಾರ ದಾರ್ಯಾಗ ನಿಂತು ಅಪ್ಪನ ಪಾಳಿ ತಪ್ಪಿತು. ನಾಳೆನೂ ತಪ್ಪಿದ್ರ ಎದಿಯೊಳಗ ನೀರ ತುಂಬತೈತಿ ಅಂದಾರ ಡಾಕ್ಟರ್. ನಾಳೆ ಊರೂರಾಗ ಮದುವಿ ಅದಾವು, ಬಾಡಿಗಿ ಗಾಡಿ ಒಂದೂ ಸಿಗವಲ್ದು. ನನಗ… ನನಗ ಏನೂ ತಿಳಿವಲ್ದರಿ!"

ಧನ್ಯಕುಮಾರ ಕಾರು ತೆಗೆದುಕೊಂಡು ಘಟಪ್ರಭಾ ರಸ್ತೆಯಲ್ಲಿ ಅರ್ಧ ತಾಸು ಓಡಿಸಿ ಬಂದ. ಆ ಹಾಳಾದ ದೀಪ ಹತ್ತಬೇಕಲ್ಲ! ಎಂಟು ವರ್ಷದ ಮುದಿ ಕಾರು ಹೊಸ ಸೊಸೆಯ ಹಾಗೆ ನಯವಾಗಿ ಓಡಿತ್ತು.

"ಹಿಂದಿನವ್ರು ಬ್ಯಾಟರಿ ಬಿಚ್ಚಿ ಹಾಕಿದ್ರಾ?"

"ಹೌದ್ರಿ. ದೀಪ ಹೋತು ಅಂತ ಕಳಿಸಿದ್ರು."

"ದೀಪ ಅಷ್ಟ ಅಲ್ಲ, ಗುರುತೂ ಹೋತು. ಗಾಡಿ ತನ್ನ ರೋಗ ಒಳಗ ನೆನಪಿಟ್ಟಿರತೈತಿ. ಬ್ಯಾಟರಿ ಬಿಚ್ಚಿದ್ರ ಮರತಬಿಡತೈತಿ." ಚಾವಿ ಅವಳ ಕೈಗೆ ಕೊಡುತ್ತಾ ಅಂದ, "ಇನ್ನೊಮ್ಮಿ ಹತ್ತೋದನ್ನ ನಾನ ನೋಡಬೇಕು. ನಾಳೆ ಮುಂಜಾನೆ ಮೂಡಲಗಿಗೆ ಬಂದು ನಿಮ್ಮ ಜೋಡಿ ಗಾಡ್ಯಾಗ ಕುಂದರತೇನಿ."

ಅವಳು ತಲೆಯಾಡಿಸಿದಳು. 'ಬೇಡ ಅಂದವನಿಗೆ ಈಗ ಯಾಕೆ ಈ ಕಾಳಜಿ?' ಎಂದು ಮನಸ್ಸು ಚುಚ್ಚಿತು. ಆದರೂ ಆ ದಿನ ಅವಳಿಗೆ ಇದ್ದ ಆಸರೆ ಅವನೊಬ್ಬನೇ.

* * *

ಗುರುವಾರ ಮುಂಜಾನೆ ಅವನು ಬರುವಷ್ಟರಲ್ಲಿ ಎಲ್ಲರೂ ಕಾರಿನಲ್ಲಿ ಕೂತಾಗಿತ್ತು. ಹಿಂದೆ ಮುಖ ಊದಿದ ಅಪ್ಪ ಧನಪಾಲ, ಪಕ್ಕದಲ್ಲಿ ಅಜ್ಜಿ ಜಿನ್ನವ್ವ. ಧನ್ಯಕುಮಾರನನ್ನು ನೋಡಿದ್ದೇ ತಡ, ಅಜ್ಜಿಯ ಮುಖ ಬಿಳಿಚಿಕೊಂಡಿತು. ಮಡಿಲಲ್ಲಿದ್ದ ಹಿತ್ತಾಳೆ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ತ್ರಿಶಲಾ ಕಾರು ನಡೆಸಿದಳು. ಗೋಕಾಕ ಇನ್ನೂ ಎಂಟು ಕಿಲೋಮೀಟರ್ ಇರುವಾಗ… ಹತ್ತಿತು! ಹಳದಿ ದೀಪ!

ಕಾರು ಎರಡು ಸಲ ಜಗ್ಗಿ, ಕಬ್ಬಿನ ಹೊಲದ ಬದಿಗೆ ನಿಂತುಬಿಟ್ಟಿತು.

"ಅವ್ವಾ… ಉಸರ… ಹಿಡದಂಗ ಆಗೇತಿ," ಎಂದರು ಅಪ್ಪ. ಎದೆಯಿಂದ ಗೊರಗೊರ ಸದ್ದು ಬರುತ್ತಿತ್ತು.

"ಏನರ ಮಾಡ್ರಿ! ನಿಮ್ಮ ಕಾಲಿಗೆ ಬೀಳತೇನಿ, ಏನರ ಮಾಡ್ರಿ!" ತ್ರಿಶಲಾ ಚೀರಿದಳು.

ಧನ್ಯಕುಮಾರ ಬಾನೆಟ್ ಎತ್ತಿ, ಯಾವುದೋ ಎರಡು ಕಡೆಗೆ ತುಂಡು ತಂತಿ ಸಿಕ್ಕಿಸಿದ. "ಅಳಬ್ಯಾಡ್ರಿ, ನಂಗ ನಿಮ್ಮ ಕಣ್ಣು ಬೇಕು. ಚಾವಿ ತಿರುವ್ರಿ. ದೀಪ ಮಿಣಕಿ ರೋಗದ ನಂಬರ ಹೇಳತೈತಿ, ಎಷ್ಟು ಸಲ ಅಂತ ಜೋರಾಗಿ ಎಣಸ್ರಿ!"

ಕಣ್ಣೀರು ಒರೆಸಿಕೊಂಡು ಎಣಿಸಿದಳು. "ಒಂದು… ಎರಡು… ಮೂರು… ನಾಲ್ಕು… ನಿಂತ್ತು! ಮತ್ತ… ಒಂದು… ಎರಡು!"

"ನಾಲ್ಕು, ಎರಡು! ಸಿಕ್ತು!" ಅವನ ಕೈ ನೇರವಾಗಿ ಒಂದು ಸೆನ್ಸರಿಗೆ ಹೋಯಿತು. ಅದರ ಸಾಕೆಟ್ ಕಿತ್ತ. ಒಳಗೆ ಹಸಿ ನೀರು, ಅಂಚಿಗೆಲ್ಲ ಒಣಗಿದ ಹಳದಿ ಹೊಪ್ಪಳಿಕೆ. ಬೆರಳಿಗೆ ಹಚ್ಚಿ ಮೂಸಿದವನು ಬೆಪ್ಪಾದ.

"ಗಂಧ… ಹಾಲು… ಇಂಜಿನ್ ಮ್ಯಾಲೆ ಇದನ್ನ ಯಾರು ಸುರದಾರ?"

ಕಾರಿನೊಳಗಿಂದ ಕ್ಷೀಣವಾದ ದನಿ ಬಂತು.

"ನಾನ… ತಮ್ಮಾ."

ಬಸದಿಯಲ್ಲಿ ಜಿನಮೂರ್ತಿಯ ಅಭಿಷೇಕವಾದ ಮೇಲೆ ಸಿಗುವ ಗಂಧೋದಕ ಅದು. ಅಜ್ಜಿ ಗಿಂಡಿಯ ಮೇಲಿನ ಸೆರಗು ಸರಿಸಿದಳು. "ಮಗಾ ಸುಖವಾಗಿ ಮುಟ್ಟಲಿ ಅಂತ, ದವಾಖಾನಿಗೆ ಹೋಗೋ ದಿನ ಗಾಡಿಗೆ ಹಾಕತಿದ್ದೆ. ಗಾಲಿಗೆ ಹಾಕಿದ್ರ ನೆಲಕ್ಕ ಬಿದ್ದು ಕಾಲಾಗ ಬರತೈತಿ, ಪಾಪ. ಗಂಧೋದಕ ತಲಿಗೆ ಹಚ್ಚೋದಲ್ಲಾ? ಗಾಡಿ ತಲಿ ಅಂದ್ರ ಇಂಜಿನ್ನ ಅಂತ… ಬಾನೆಟ್ ಸಂದ್ಯಾಗ…"

ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ತ್ರಿಶಲಾ ತನ್ನ ದುಪಟ್ಟಾ ಎಳೆದು ಕೊಟ್ಟಳು.

"ಎಣ್ಣಿ ಆಗತೈತ್ರಿ, ಬಿಳೀದೈತಿ…"

"ಅಪ್ಪನ ಉಸರಿಗಿಂತ ದೊಡ್ಡದೇನ್ರಿ ಇದು? ಒರಸ್ರಿ!"

ಬ್ಲೇಡಿನಿಂದ ಕೆರೆದ, ಒರೆಸಿದ, ಊದಿದ, ಮತ್ತೆ ಒರೆಸಿದ. ತ್ರಿಶಲಾ ಕಣ್ಣು ಮುಚ್ಚಿ ಚಾವಿ ತಿರುವಿದಳು. ಒಂದು ಸಲ… ಇಲ್ಲ. ಎರಡನೇ ಸಲ… ಇಲ್ಲ. 'ಅಪ್ಪಾ, ನನ್ನ ಬಿಟ್ಟು ಹೋಗಬೇಡ…'

ಮೂರನೇ ಸಲಕ್ಕೆ ಇಂಜಿನ್ ಗುರ್ರೆಂದಿತು. ದೀಪ ಆರಿತು.

* * *

"ಇನ್ನರ್ಧ ತಾಸು ತಡಾ ಆಗಿದ್ರ ಕಠಿಣ ಇತ್ತು," ಎಂದು ಹೇಳಿ ನರ್ಸ್ ಒಳಗೆ ಹೋದಳು. ಅಪ್ಪನನ್ನು ಯಂತ್ರಕ್ಕೆ ಜೋಡಿಸಿಯಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಮೂವರೇ ಉಳಿದರು.

ಜಿನ್ನವ್ವ ಇದ್ದಕ್ಕಿದ್ದಂತೆ ಬಿಕ್ಕಿದಳು.

"ಚಲೋ ಆಗ್ಲಿ ಅಂತ ಹಾಕಿದ ನೀರ ಮಗನ ಜೀವಕ್ಕ ಬಂದಿತ್ತು. ಹಂಗ ಇನ್ನೊಂದೂ ಮಾಡೇನಿ, ತ್ರಿಶಲಾ. 'ಹುಡುಗಿಗೆ ಗ್ಯಾರೇಜಿನ ಎಣ್ಣಿ ಕೈ ಬ್ಯಾಡಂತ' ಅಂತ ಇವರಿಗೆ ಹೇಳಿ ಕಳಿಸಿದಾಕಿ ನಾನ. 'ಹುಡುಗನ ಕಡೆಯವರ ಬ್ಯಾಡ ಅಂದ್ರು' ಅಂತ ಮನ್ಯಾಗ ಹೇಳಿದಾಕೀನೂ ನಾನ."

"ಆಯೀ!" ತ್ರಿಶಲಾ ಅಜ್ಜಿಯತ್ತ ತಿರುಗಿದಳು.

"ಅದ ವಾರ ನಿಮ್ಮಪ್ಪಗ ಕಿಡ್ನಿ ರೋಗ ಅಂತ ಗೊತ್ತಾಗಿತ್ತವ್ವಾ. ನಿಮ್ಮವ್ವ ಇಲ್ಲ. ನೀನೂ ಹ್ವಾದ್ರ ನನ್ನ ಮಗನ್ನ ಯಾರ ನೋಡಬೇಕು ಅಂತ ಅಂಜಿದೆ…"

ತ್ರಿಶಲಾಗೆ ಅಜ್ಜಿಯ ಮೇಲೆ ಕೂಗಾಡಬೇಕೆನಿಸಿತು. ಮೂರು ವರ್ಷ! ಕನ್ನಡಿ ಮುಂದೆ ನಿಂತು 'ನನ್ನಲ್ಲಿ ಏನು ಕಡಿಮೆ ಇತ್ತು' ಎಂದು ಅತ್ತ ದಿನಗಳೆಷ್ಟೋ! ಆದರೆ ಅಜ್ಜಿಯ ಮುದುಡಿದ ಭುಜ ನೋಡಿ ಅದರ ಮೇಲೆ ಕೈಯಿಟ್ಟಳು.

ಧನ್ಯಕುಮಾರ ತನ್ನ ಕೈಗಳನ್ನು ನೋಡಿಕೊಂಡ.

"ಮೂರು ವರ್ಷ ಆತು… ದಿನಾ ಸಂಜೀಕ ಸೀಮಿ ಎಣ್ಣಿ, ಸೋಪು ಹಾಕಿ ತಿಕ್ಕತೇನ್ರಿ. ಉಗುರಿನ ಸಂದ್ಯಾಗಿಂದು ಹೋಗಂಗಿಲ್ಲ. ನಿಮ್ಮನ್ನ ಬಿಟ್ಟು ಬ್ಯಾರೆ ಹೆಣ್ಣು ನೋಡಾಕ ಮನಸ್ಸೂ ಬರಲಿಲ್ಲ."

ತ್ರಿಶಲಾ ಆ ಕರಿಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಈ ಕೈನ ಇವತ್ತ ಅಪ್ಪನ್ನ ಉಳಿಸೇತಿ. ಇದನ್ನ ನಾ ಹೆಂಗ ಒಲ್ಲೆ ಅನ್ನಲಿ? ಆದ್ರ ಅಪ್ಪನ್ನ ಬಿಟ್ಟು ನಾ ಎಲ್ಲೂ ಬರಾಕ ಆಗಂಗಿಲ್ಲರಿ…"

"ಬಿಟ್ಟು ಬರ್ರಿ ಅಂತ ಯಾರ ಅಂದ್ರು? ಗ್ಯಾರೇಜ್ ಮೂಡಲಗ್ಯಾಗೂ ಹಾಕಬಹುದು." ಅವನು ಅಜ್ಜಿಯ ಮುಂದೆ ಮಂಡಿಯೂರಿದ. "ಆಯೀ, ಗಿಂಡ್ಯಾಗ ಗಂಧೋದಕ ಉಳದೇತೇನ್ರಿ? ಗಾಡಿಗೆ ಬ್ಯಾಡ. ನಮ್ಮಿಬ್ಬರ ತಲಿಗೆ ಹಚ್ಚರಿ."

ಜಿನ್ನವ್ವನ ಒದ್ದೆ ಬೆರಳು ಮೊದಲು ಅವನ ನೆತ್ತಿಗೆ, ಆಮೇಲೆ ಮೊಮ್ಮಗಳ ನೆತ್ತಿಗೆ ತಾಗಿತು. ಅಜ್ಜಿ ಅಳುತ್ತಲೇ ಇದ್ದಳು.

ತ್ರಿಶಲಾ ಮೆಲ್ಲಗೆ ಕೇಳಿದಳು, "ಸೋಮವಾರ… ಬರ್ತೀರಿ?"

"ದೀಪ ಹತ್ತಿದ್ರ?"

"ಹತ್ತದಿದ್ರೂ."