ತಡವಾಗಿ ಬಂದ ನಗು

ಮಹಾನಂದ ಮೇಡಂ ಹತ್ತಿರ ಬರುವವರು ಸಾಮಾನ್ಯವಾಗಿ ಒಡವೆ ಕಳೆದುಕೊಂಡಿರುತ್ತಾರೆ, ಇಲ್ಲವೇ ಅಳಿಯನನ್ನು. ನಗು ಕಳುವಾಗಿದೆ ಎಂದು ದೂರು ತಂದವಳು ಧೃತಿ ಒಬ್ಬಳೇ.

ಚಾಮರಾಜಪೇಟೆಯ ನಮ್ಮ ಮನೆಗೆ ಅವಳು ಬಂದಾಗ ನಾನು ಕಾಫಿ ಸೋಸುತ್ತಿದ್ದೆ. ‘ನಮ್ಮ’ ಮನೆ ಎಂದೆ. ಮನೆ ಮೇಡಂ ಅವರದು, ಕೆಳಗಿನ ಒಂದು ಕೋಣೆ ಮಾತ್ರ ನನ್ನದು. ತರಗುಪೇಟೆಯ ಬೇಳೆ ಮಂಡಿಯನ್ನು ತಮ್ಮಂದಿರಿಗೆ ಬಿಟ್ಟು ಬಂದ ಮೇಲೆ ನನಗೆ ಮಾತಿಗೆ ಸಿಗುವವರು ಅವರೊಬ್ಬರೇ. ಅವರೋ, ಮಾತನ್ನು ಸ್ಟಾಂಪಿನಂತೆ ಲೆಕ್ಕ ಹಾಕಿ ಖರ್ಚು ಮಾಡುವವರು. ಅಂಚೆ ಇಲಾಖೆಯಲ್ಲಿ, ವಿಳಾಸ ಸರಿಯಿಲ್ಲದ ಕಾಗದ ಯಾರದೆಂದು ಪತ್ತೆ ಮಾಡಿ ತಲುಪಿಸುವ ಕೆಲಸದಲ್ಲೇ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೂ ಆ ಚಟ ಬಿಟ್ಟಿಲ್ಲ. ನನ್ನನ್ನು ಜೊತೆಗೆ ಕರೆದೊಯ್ಯುವುದು ಚೀಲ ಹಿಡಿಯಲು ಎಂದು ಹೇಳುತ್ತಾರೆ. ನಾನು ನಂಬಿದಂತೆ ನಟಿಸುತ್ತೇನೆ.

“ನಗು ಅಂದ್ರೆ ಯಾವುದಮ್ಮಾ?” ಎಂದರು ಮೇಡಂ.

“ಟೇಪ್ ಮೇಡಂ, ದೊಡ್ಡ ಚಕ್ರದ ಹಳೇ ಟೇಪು. ‘ಹಿತ್ತಲ ಬಾಗಿಲು’ ನೋಡಿದೀರಲ್ವಾ? ಅದರ ನಗು.”

ನನ್ನ ವಯಸ್ಸಿನವರು ಆ ಧಾರಾವಾಹಿಯನ್ನು ಮರೆತಿರಲಾರರು. ಸಾಲ ಕೇಳುವವರಿಂದ ಬೀಗರವರೆಗೆ ಎಲ್ಲರೂ ಹಿತ್ತಲಿಂದಲೇ ನುಗ್ಗುವ ಒಂದು ಮನೆಯ ತಮಾಷೆ ಅದು. ವಾರಕ್ಕೊಂದು ಸಂಜೆ ಇಡೀ ಬೀದಿ ಒಂದು ಟೀವಿಯ ಮುಂದೆ ಕೂರುತ್ತಿತ್ತು. ಈಗ ಧೃತಿ ಅದನ್ನು ಹೊಸ ಕಾಲದವರಿಗಾಗಿ, ಫೋನಿನಲ್ಲಿ ನೋಡುವವರಿಗಾಗಿ ಮತ್ತೆ ತೆಗೆಯುತ್ತಿದ್ದಳು. ಶೂಟಿಂಗ್ ನಡೆಯುತ್ತಿದ್ದುದು ಹಳೆಯದನ್ನು ತೆಗೆದಿದ್ದ ಎನ್.ಆರ್. ಕಾಲೋನಿಯ ಅದೇ ಮನೆಯಲ್ಲಿ.

“ಆಗ ಅಕ್ಕಪಕ್ಕದೋರನ್ನ ಆ ಮನೆ ಹಾಲಲ್ಲಿ ಜಮಖಾನದ ಮೇಲೆ ಕೂರಿಸಿ, ಎದುರಿಗೆ ಆಡಿ ತೋರಿಸಿ, ಅವ್ರು ನಕ್ಕಿದ್ದನ್ನ ಒಂದು ಟೇಪಿಗೆ ಹಿಡಿದಿದ್ರು. ಎಲ್ಲಾ ಎಪಿಸೋಡಿಗೂ ಅದೇ ನಗು. ಹೊಸದಕ್ಕೂ ಅದನ್ನೇ ಹಾಕೋಣ ಅಂತ ನಮ್ಮ ಕಂಪನಿಯೋರು ಒಪ್ಪಿದ್ರು. ನಿನ್ನೆ ಬೆಳಿಗ್ಗೆ ಟೇಪ್ ಬಂತು, ಸ್ವಲ್ಪ ಕೇಳಿದ್ವಿ. ಕಾಪಿ ಮಾಡ್ಕೊಳೋಣ ಅಂತ ಊಟ ಮುಗಿಸಿ ಬಂದ್ರೆ ಮೆಷಿನ್ ಖಾಲಿ. ನಾವೆಲ್ಲ ತಾರಸೀಲಿ ಊಟಕ್ಕೆ ಕೂತಾಗ ಕೆಳಗೇ ಉಳಿದೋಳು ನಮ್ಮ ಸೆಟ್ ಹುಡುಗಿ ಹರ್ಷಿತಾ ಒಬ್ಳೇ. ಇವತ್ತು ಸಂಜೆಯೊಳಗೆ ಸಿಗಲಿಲ್ಲಾಂದ್ರೆ ಅವಳ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡು ಅಂತಿದಾರೆ ಕಂಪನಿಯೋರು. ನಂಗೆ ಮನಸ್ಸಿಲ್ಲ ಮೇಡಂ.”

“ಟೇಪ್ ಯಾರದು?”

“ರುದ್ರೇಶ್ ಸರ್ ತಂದಿದ್ದು. ಆಗ ಸೌಂಡ್ ಮಾಡಿದ್ದು ಅವ್ರೇ.”

“ತಂದೋರು ಯಾರು ಅಂತ ಕೇಳಲಿಲ್ಲಮ್ಮಾ,” ಎಂದು ಮೇಡಂ ಚಪ್ಪಲಿ ಮೆಟ್ಟಿದರು. ನನ್ನ ಕಾಫಿ ಲೋಟದಲ್ಲೇ ಉಳಿಯಿತು.

ಗೇಟು ತೆರೆದವರು ಮನೆಯ ಯಜಮಾನರು, ಶಿವಶಂಕರ್. ಬ್ಯಾಂಕಿನಿಂದ ನಿವೃತ್ತರು, ಇಸ್ತ್ರಿ ಅಂಗಿ, ಅಳತೆಯ ಮಾತು. ಶೂಟಿಂಗಿಗೆ ಕೆಳಮನೆ ಬಿಟ್ಟುಕೊಟ್ಟು ಮಹಡಿಯ ಮೇಲೆ ಒಬ್ಬರೇ ಇದ್ದರು.

ಹಾಲಿನ ತುಂಬಾ ಉರಿಯುವ ದೀಪಗಳನ್ನು ಕಂಡು, “ಇಲ್ಲಿ ಸಂಡಿಗೆ ಇಟ್ಟಿದ್ರೆ ಊಟದ ಹೊತ್ತಿಗೆ ಒಣಗಿರ್ತಿತ್ತು” ಎಂದೆ. ಲೈಟಿನ ಹುಡುಗರು ನಕ್ಕರು. ಶಿವಶಂಕರ್ ಕೂಡ ಮುಗುಳ್ನಕ್ಕು, ಎಡಕ್ಕೆ ತಿರುಗಿ ಸ್ವಲ್ಪ ಬಾಗಿ, ಏನೋ ಹೇಳಹೊರಟವರಂತೆ ತುಟಿ ತೆರೆದು, ಹಾಗೆಯೇ ನೆಟ್ಟಗಾದರು. ಎಡಕ್ಕೆ ಯಾರೂ ಇರಲಿಲ್ಲ. ಕುತ್ತಿಗೆ ಉಳುಕಿರಬೇಕು ಎಂದುಕೊಂಡೆ.

“ಮನೆ ಗಟ್ಟಿಯಾಗಿದೆ,” ಎಂದರು ಮೇಡಂ.

“ನಮ್ಮಮ್ಮ ದ್ರೌಪದಮ್ಮ ಗಾಂಧಿ ಬಜಾರಲ್ಲಿ ಸೊಪ್ಪು ಮಾರಿ ಕಟ್ಟಿಸಿದ್ದು. ಸ್ಕೂಲ್ ಬಿಟ್ಮೇಲೆ ನಾನೂ ಅಲ್ಲೇ ಕೂತ್ಕೋತಿದ್ದೆ.” ಗೋಡೆಯಲ್ಲಿ ಅವರಮ್ಮನ ಚಿತ್ರದ ಪಕ್ಕ ತೂಗುತ್ತಿದ್ದ ಇನ್ನೊಂದು ಚಿತ್ರವನ್ನು ಮೇಡಂ ನೋಡುತ್ತಿರುವುದು ಕಂಡು, “ಶಶಿರೇಖಾ, ನಮ್ಮ ಮನೆಯವ್ರು. ಹೋಗಿ ಮೂರು ವರ್ಷ ಆಯ್ತು” ಎಂದರು. ಚಿತ್ರದಲ್ಲಿದ್ದವರು ದುಂಡು ಮುಖದ ಹೆಂಗಸು. ಬಲಗಿವಿಯ ಹಿಂದೆ ಕಿವುಡಿಗೆ ಹಾಕುವ ಪುಟ್ಟ ಯಂತ್ರವಿತ್ತು.

ಒಳಕೋಣೆಯಲ್ಲಿ ರುದ್ರೇಶ್ ತಮ್ಮ ಖಾಲಿ ಯಂತ್ರದ ಪಕ್ಕ ಕುಳಿತಿದ್ದರು. ಮೇಡಂ ಕೇಳುವ ಮೊದಲೇ ಸಿಡಿದರು. “ಕಳೆದಿದ್ದೇ ವಾಸಿ ಬಿಡಿ! ಎಲ್ರೂ ನಕ್ಕು ಮುಗಿಸಿದ ಮೇಲೆ ಒಂದು ಹೆಂಗಸಿನ ನಗು ಬರುತ್ತೆ, ಅದನ್ನ ಕತ್ತರಿಸ್ಬೇಕಂತೆ. ನಗು ಏನು ಟೈಲರ್ ಅಂಗಡಿ ಬಟ್ಟೇನಾ?”

“ಈಗಿನೋರಿಗೆ ಎಲ್ಲಾ ಫಾಸ್ಟಾಗಿ ಬೇಕು ಸರ್,” ಧೃತಿ ಸಮಜಾಯಿಷಿ ಹೇಳಿದಳು. “ಆ ನಗು ಮುಗಿಯೋ ತನಕ ಮುಂದಿನ ಡೈಲಾಗ್ ಕಾಯ್ಬೇಕಾಗುತ್ತೆ. ಟೈಮಿಂಗ್ ಹಾಳಾಗುತ್ತೆ.”

“ಈ ಮಾತು ಆಡಿದ್ದು ಯಾವಾಗ? ಯಾರ್ಯಾರಿದ್ರು?” ಎಂದರು ಮೇಡಂ.

“ನಿನ್ನೆ ಬೆಳಿಗ್ಗೆ. ನಾವಿಬ್ರು, ಹರ್ಷಿತಾ, ಕಾಫಿ ತಂದುಕೊಟ್ಟ ಶಿವಶಂಕರ್ ಅಂಕಲ್.”

ಹರ್ಷಿತಾ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಸೆಟ್ಟಿನ ಸಾಮಾನು ಜೋಡಿಸುವುದು, ಒಂದು ಶಾಟಿನಿಂದ ಇನ್ನೊಂದಕ್ಕೆ ಯಾವುದೂ ಕದಲದಂತೆ ಫೋಟೋ ತೆಗೆದಿಟ್ಟು ನೋಡಿಕೊಳ್ಳುವುದು ಅವಳ ಕೆಲಸ. ಊಟ ತಾರಸಿಯ ಮೇಲೆ. ನಡುವೆ ಧೃತಿ ಫೋನಿಗೆ, ರುದ್ರೇಶ್ ಬೀಡಿಗೆ, ಶಿವಶಂಕರ್ ಮಾತ್ರೆಗೆ ಎಂದು ಒಂದೊಂದು ಸಲ ಕೆಳಗಿಳಿದಿದ್ದರು. ಹರ್ಷಿತಾ ಹಿತ್ತಲಿಗೆ ಹೋಗಿ ಕೈ ತೊಳೆದು ಬಂದದ್ದೂ ಆ ಹೊತ್ತಿನಲ್ಲೇ. ಟೇಪ್ ಕಾಣೆಯಾದದ್ದು ತಿಳಿದ ಕೂಡಲೇ ಗೇಟು ಹಾಕಿ, ಎಲ್ಲರ ಚೀಲ ತಡಕಿ, ಮನೆಯನ್ನೆಲ್ಲ ಹುಡುಕಿದ್ದರು. ತಮ್ಮ ಮಹಡಿಯನ್ನೂ ನೋಡಲೇಬೇಕೆಂದು ಶಿವಶಂಕರ್ ಅವರೇ ಹಟ ಹಿಡಿದರಂತೆ.

“ನಿನ್ನೆ ನನ್ ಟೈಮೇ ಸರಿಯಿಲ್ಲ ಆಂಟಿ,” ಎಂದಳು ಹರ್ಷಿತಾ. “ಮಧ್ಯಾಹ್ನದ ಮೊದಲ ಶಾಟೂ ವೇಸ್ಟ್ ಆಯ್ತು. ಅಡುಗೆಮನೆ ಬುಟ್ಟೀಲಿ ಸೊಪ್ಪನ್ನ ನಾನು ಎಲೆ ಕ್ಯಾಮೆರಾ ಕಡೆ ಕಾಣೋ ಹಾಗೆ ಇಟ್ಟಿದ್ದೆ. ಊಟ ಆದ್ಮೇಲೆ ನೋಡಿದ್ರೆ ಬೇರುಗಳೆಲ್ಲಾ ಆಚೆ! ಅದಕ್ಕೂ ಬೈಸ್ಕೊಂಡು, ಮೇಲಿನ ಕಟ್ಟುಗಳನ್ನ ಮಾತ್ರ ತಿರುಗಿಸಿಟ್ಟೆ.”

ಮೇಡಂ ಅವಳ ಫೋನಿನಲ್ಲಿ ಎರಡು ಫೋಟೋಗಳನ್ನೂ ನೋಡಿದರು. ಮೊದಲನೆಯದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಎಲೆ ಕೆದರಿಕೊಂಡು ನಿಂತಿದ್ದವು. ಎರಡನೆಯದರಲ್ಲಿ ಎಲೆಗಳೆಲ್ಲ ಒಳಮುಖವಾಗಿ, ಬೇರು ಹೊರಗೆ, ಗುಂಡಗೆ ಪೇರಿಸಿದ ಕಟ್ಟುಗಳು.

“ಸಂಜೆ ಈ ಸೊಪ್ಪು ಏನಾಗುತ್ತೆ?”

“ವೇಸ್ಟ್ ಆಗ್ಬಾರ್ದು ಅಂತ ದಿನಾ ಅಂಕಲ್‌ಗೆ ಕೊಟ್ಬಿಡ್ತೀವಿ. ನಾನೇ ಬುಟ್ಟಿ ಸಮೇತ ಮೇಲೆ ಇಟ್ಟು ಬರ್ತೀನಿ.”

ಮೇಡಂ ಅದೇ ಫೋನಿನಲ್ಲಿ ‘ಹಿತ್ತಲ ಬಾಗಿಲು’ ಧಾರಾವಾಹಿಯ ಹಳೆಯ ಕಂತೊಂದನ್ನು ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು. ಜನ ಗೊಳ್ಳೆಂದು ನಗುತ್ತಿದ್ದರು. ನಗು ಇಳಿದು, ಒಂದು ಉಸಿರಿನಷ್ಟು ಮೌನ. ಆಮೇಲೆ ಒಬ್ಬಳೇ ಹೆಂಗಸು ನಗುತ್ತಿದ್ದಳು. ನನಗೆ ಚೆನ್ನಾಗಿ ನೆನಪಿತ್ತು ಆ ನಗು. ಪೆದ್ದಿ ಎಂದು ನಾವು ಅಣ್ಣತಮ್ಮಂದಿರು ಅವಳನ್ನು ಅಣಕಿಸುತ್ತಿದ್ದೆವು.

“ರುದ್ರೇಶನೇ ಮೇಡಂ,” ಎಂದೆ ಹಿತ್ತಲಿನಲ್ಲಿ. “ಅಷ್ಟು ಕೋಪ. ಬೀಡಿ ನೆಪ ಬೇರೆ.”

“ಈಶ್ವರ್, ತಂದೋರೇ ಕದಿಯೋ ಬದಲು ವಾಪಸ್ ತಗೊಂಡು ಹೋಗ್ಬಹುದಿತ್ತಲ್ಲ. ನೀವು ಬೇಳೆ ಮಂಡೀಲಿದ್ದೋರು. ಮೂಟೆ ಪೇರಿಸುವಾಗ ಹೊಲಿಗೆ ಹಾಕಿದ ಬಾಯಿ ಯಾವ ಕಡೆ ಇಡ್ತೀರಿ?”

“ಒಳಗಡೆ. ಅದನ್ನೂ ಯಾರಾದ್ರೂ ಯೋಚನೆ ಮಾಡ್ತಾರಾ?”

“ಮಾಡಲ್ಲ. ಅದೇ ನನಗೆ ಬೇಕಾಗಿದ್ದು,” ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಹೀಗಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದನ್ನೂ ಅವರು ಗಮನಿಸುವುದಿಲ್ಲ.

ಸಂಜೆ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದರು. ಸೆಟ್ಟಿಗೆಂದು ಹಾಸಿದ್ದ ಜಮಖಾನದ ಮೇಲೆಯೇ ಕುಳಿತೆವು.

“ನಾನು ಕೆಲಸ ಮಾಡ್ತಿದ್ದ ಕಡೆ ಒಂದೇ ಪ್ರಶ್ನೆ ಇರ್ತಿತ್ತು,” ಎಂದು ಮೇಡಂ ಶುರುಮಾಡಿದರು. “ಇದು ಯಾರಿಗೆ ಸೇರ್ಬೇಕು? ಇಲ್ಲಿ ಬೆಲೆಬಾಳೋ ಕ್ಯಾಮೆರಾಗಳಿವೆ, ಯಾರೂ ಮುಟ್ಟಿಲ್ಲ. ಹೋಗಿರೋದು ನಗು ಮಾತ್ರ. ಅದೂ ಯಾವತ್ತು? ಅದರಲ್ಲಿ ಒಂದು ನಗು ಕತ್ತರಿಸ್ತೀವಿ ಅಂದ ದಿನ. ಅಂದ್ರೆ ಆ ನಗು ಬೇಕಾದೋರು ಈ ಮನೇಲಿದ್ರು. ಟೇಪ್ ಗೇಟ್ ದಾಟಿಲ್ಲ, ಚೀಲದಲ್ಲಿಲ್ಲ, ಕೋಣೆಗಳಲ್ಲಿಲ್ಲ. ಹುಡುಕೋರು ಸೆಟ್ಟಿನ ಸಾಮಾನನ್ನ ಮುಟ್ಟಲ್ಲ, ಕದಲಿಸಬಾರ್ದು ಅನ್ನೋದು ಇಲ್ಲಿನ ಕಟ್ಟುಪಾಡು. ಹಾಗಾಗಿ ಅದು ಸೊಪ್ಪಿನ ಬುಟ್ಟಿ ತಳದಲ್ಲಿತ್ತು. ಸಂಜೆ ಹರ್ಷಿತಾನೇ, ಗೊತ್ತಿಲ್ಲದೆ, ಅದನ್ನ ಮೇಲಕ್ಕೆ ಹೊತ್ಕೊಂಡು ಹೋದ್ಲು.”

ಹರ್ಷಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಟೇಪ್ ಅಡಗಿಸಿ ಸೊಪ್ಪನ್ನ ಮತ್ತೆ ಜೋಡಿಸಿದ ಕೈ ಅವಸರದಲ್ಲಿತ್ತು. ಅವಸರದಲ್ಲಿ ಕೈ ಹಳೇ ಅಭ್ಯಾಸದ ಮಾತು ಕೇಳುತ್ತೆ. ಬೇರೆಯವರಾಗಿದ್ರೆ ಹೇಗೋ ತುರುಕಿರೋರು. ಎಲೆ ಬಾಡದ ಹಾಗೆ ಒಳಗೆ ಮಾಡಿ, ಬೇರು ಆಚೆ ಬರೋ ಹಾಗೆ ಗುಂಡಗೆ ಪೇರಿಸೋದು ಅಂಗಡೀಲಿ ಸೊಪ್ಪು ಮಾರಿದೋರು.” ಮೇಡಂ ದನಿ ತಗ್ಗಿತು. “ದ್ರೌಪದಮ್ಮನೋರು ಚೆನ್ನಾಗಿ ಕಲಿಸಿದಾರೆ, ಶಿವಶಂಕರ್ ಅವ್ರೇ.”

ಶಿವಶಂಕರ್ ತಮ್ಮ ಅಂಗೈಗಳನ್ನು ನೋಡಿಕೊಂಡರು.

“ತಡವಾಗಿ ನಗೋದು ಶಶಿರೇಖಾ ಅವ್ರು. ಕಿವಿ ಮಂದ. ನೀವು ಎಡಕ್ಕೆ ಬಾಗಿ ಅವರ ಬಲಗಿವೀಲಿ ಹೇಳಿದ್ಮೇಲೆ ಅವ್ರು ನಗ್ತಿದ್ರು. ಬೆಳಿಗ್ಗೆ ಈಶ್ವರ್ ಏನೋ ತಮಾಷೆ ಮಾಡಿದ್ರಲ್ಲ, ಆಗಲೂ ನೀವು ಎಡಕ್ಕೇ ತಿರುಗಿದ್ರಿ.”

ಶಿವಶಂಕರ್ ಎದ್ದು ಮಹಡಿಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಟೇಪ್ ತಂದು ರುದ್ರೇಶ್ ಕೈಗಿಟ್ಟರು. “ಈ ಹುಡುಗಿ ಮೇಲೆ ಅಪವಾದ ಬಂತು ಅಂತ ಗೊತ್ತಾದಾಗ್ಲೇ ಕೊಡ್ಬೇಕಿತ್ತು. ರಾತ್ರಿಯಿಡೀ ಮೆಟ್ಟಿಲ ಹತ್ರ ಬಂದು ಬಂದು ವಾಪಸ್ ಹೋದೆ. ತಪ್ಪಾಯ್ತಮ್ಮಾ.” ಹರ್ಷಿತಾ ತಲೆ ತಗ್ಗಿಸಿದಳು. “ಕೇಳೋಣ ಅಂದ್ರೆ ನನ್ಹತ್ರ ಮೆಷಿನ್ನೂ ಇಲ್ಲ. ಸುಮ್ನೆ ಪಕ್ಕದಲ್ಲಿ ಇಟ್ಕೊಂಡಿದ್ದೆ. ಫೋನಲ್ಲಿರೋ ಹಳೇ ಎಪಿಸೋಡು ಯಾವಾಗ ತೆಗ್ದುಬಿಡ್ತಾರೋ ಗೊತ್ತಿಲ್ಲ. ಇದ್ರಲ್ಲೂ ಅವಳನ್ನ ಕತ್ತರಿಸಿ ಬಿಸಾಕಿದ್ರೆ ಇನ್ನೆಲ್ಲಿ ಹುಡುಕ್ಲಿ? ಮನೇಲಿ ಯಾರಾದ್ರೂ ನಕ್ಕು ಮೂರು ವರ್ಷ ಆಯ್ತು.”

ಕತ್ತರಿಸು ಎಂದಿದ್ದ ಧೃತಿ ಗೋಡೆಯ ಕಡೆ ಮುಖ ಮಾಡಿದಳು.

“ಒಂದು ಮಾತ್ರ ನಂಗೆ ತಿಳೀಲಿಲ್ಲ,” ಎಂದರು ಮೇಡಂ. ಅವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. “ಆ ನಗುವಿಗೂ ಈ ನಗುವಿಗೂ ಮಧ್ಯೆ ಒಂದು ಉಸಿರಿನಷ್ಟೇ ಜಾಗ. ಅಷ್ಟರಲ್ಲಿ ಇಡೀ ಜೋಕು ಹೇಗೆ ಹೇಳ್ತಿದ್ರಿ?”

ಶಿವಶಂಕರ್ ಒಳಕೋಣೆಯ ಯಂತ್ರದ ಕಡೆ ನೋಡಿದರು. ರುದ್ರೇಶ್ ಟೇಪ್ ಏರಿಸಿ, ದನಿಯನ್ನು ಪೂರ್ತಿ ಹೆಚ್ಚಿಸಿದರು. ಫೋನಿನಲ್ಲಿ ಕೇಳಿಸದ್ದೆಲ್ಲ ಕೇಳತೊಡಗಿತು: ಬಳೆ ಸದ್ದು, ಮಗುವಿನ ಕೆಮ್ಮು. ಈಗ ಆ ಬೀದಿಯಲ್ಲಿಲ್ಲದ ಜನ ಒಟ್ಟಿಗೆ ನಕ್ಕರು. ನಗು ಇಳಿಯಿತು. ಆ ಸಂದಿನಲ್ಲಿ ಒಬ್ಬ ಯುವಕ ಪಿಸುಗುಟ್ಟುತ್ತಿದ್ದ.

“ಎಲ್ಲಾ ನಗ್ತಿದಾರೆ ಶಶಿ. ನೀನೂ ನಕ್ಬಿಡು.”

ಅವಳು ನಕ್ಕಳು. ಹೊಟ್ಟೆತುಂಬ, ಒಬ್ಬಳೇ.

“ಜೋಕ್ ಹೇಳೋಕೆ ಟೈಮೇ ಇರ್ತಿರ್ಲಿಲ್ಲ,” ಎಂದರು ಶಿವಶಂಕರ್. ಅವರ ಕಣ್ಣು ತುಂಬಿತ್ತು. “ಎಲ್ರೂ ಹೋದ್ಮೇಲೆ ಹೇಳ್ತೀನಿ ಅಂದ್ಕೋತಿದ್ದೆ. ಮರ್ತೋಗ್ತಿತ್ತು. ಅವಳೂ ಕೇಳ್ಲಿಲ್ಲ.”

ಕಂಪ್ಲೇಂಟ್ ಹೋಗಲಿಲ್ಲ. ಆ ನಗುವನ್ನು ಉಳಿಸಲು ಧೃತಿ ಕಂಪನಿಯವರೊಂದಿಗೆ ಫೋನಿನಲ್ಲಿ ಜಗಳವಾಡಿದಳು. ಗೆಲ್ಲುತ್ತಾಳೆಂದು ನನಗೆ ನಂಬಿಕೆಯಿರಲಿಲ್ಲ. ರುದ್ರೇಶ್ ಒಂದು ಪ್ರತಿ ತೆಗೆದು ಶಿವಶಂಕರ್ ಅವರ ಫೋನಿಗೆ ಹಾಕಿಕೊಟ್ಟರು.

ಹೊಸ ‘ಹಿತ್ತಲ ಬಾಗಿಲು’ ಯುಗಾದಿಗೆ ಬಂತು. ನನ್ನ ಕೋಣೆಯಲ್ಲಿ, ಸಣ್ಣ ಫೋನಿನಲ್ಲಿ, ಒಬ್ಬನೇ ಕುಳಿತು ನೋಡಿದೆ. ಹಾಸ್ಯ ಹೊಸ ಕಾಲದ್ದು, ಅರ್ಧ ನನಗೆ ಅರ್ಥವಾಗಲಿಲ್ಲ. ಹಳೆಯ ಬೀದಿಯ ಜನ ಮಾತ್ರ ಅರ್ಥವಾದವರಂತೆ ನಕ್ಕರು. ನಗು ಇಳಿಯಿತು. ನಾನು ಉಸಿರು ಹಿಡಿದೆ. ಹೊಸ ನಟಿ ಬಾಯಿ ತೆರೆಯದೆ ಕಾದಳು. ಶಶಿರೇಖಾ ನಕ್ಕರು.

ಅವರು ನಕ್ಕ ಮೇಲೆ ನಾನೂ ನಕ್ಕೆ.