ಹಾಡಿನ ಡಿಪಾರ್ಟ್‌ಮೆಂಟ್

"ಇದೂ ಬೇಡ," ಎಂದಳು ಪಿಟೀಲು, ಫೋನಿನಲ್ಲಿ ಹಾಡು ನಿಲ್ಲಿಸಿ.

ನೀಲಿ ಬಟ್ಟೆಯ ಗುಡ್ಡದ ಹಿಂದಿನಿಂದ ಅಮ್ಮನ ದನಿ ಬಂತು. "ಇದಕ್ಕೇನಾಗಿದೆಯೇ?"

"ಹಾಡೋರಿಗೆ ನೆಗಡಿ ಆಗಿದೆ."

"ಅದರ ಹಿಂದಿನದಕ್ಕೆ?"

"ಅದು ಟೂತ್‌ಪೇಸ್ಟ್ ಜಾಹೀರಾತಿನ ಥರ ಇತ್ತು."

ಹೊಲಿಗೆ ಮಷೀನು ನಿಂತಿತು. ಗುಡ್ಡದ ಮೇಲೆ ಅಮ್ಮನ ತಲೆ ಕಾಣಿಸಿತು. ತುಟಿಗಳ ನಡುವೆ ಎರಡು ಗುಂಡುಸೂಜಿ. ಬಾಯಲ್ಲಿ ಸೂಜಿ ಇಟ್ಟುಕೊಂಡೇ ಬೈಯುವುದು ಅಮ್ಮನಿಗೆ ಮಾತ್ರ ಗೊತ್ತಿದ್ದ ವಿದ್ಯೆ.

"ಇದು ಹನ್ನೊಂದನೇ ಹಾಡು ಕಣೇ. ಮದುವೆ ಸೋಮವಾರ. ಹಾಡೋರಿಗೆ ನೆಗಡಿ ವಾಸಿಯಾದ ಮೇಲೆ ಬರ್ತೀವಿ ಅಂತ ಆಫೀಸಿಗೆ ಹೇಳ್ಲಾ?"

"ಹಾಡು ನನ್ನ ಡಿಪಾರ್ಟ್‌ಮೆಂಟ್ ಅಂತ ನೀನೇ ಹೇಳಿದ್ದು."

ಅದು ನಿಜ. ಅಮ್ಮ ತನ್ನ ಮತ್ತು ಲಿಫ್ಟ್ ಅಂಕಲ್‌ರ ಮದುವೆಯ ಕೆಲಸವನ್ನು ಮೂರು ಪಾಲು ಮಾಡಿದ್ದಳು. ಬಟ್ಟೆ ಅವಳದು. ಕಾಗದಪತ್ರ ಲಿಫ್ಟ್ ಅಂಕಲ್‌ದು. ಹಾಡು ಪಿಟೀಲುದು. ನೋಂದಣಿ ಕಚೇರಿಯಲ್ಲಿ ಒಂದು ಹಾಲ್ ಇದೆ. ಮದುವೆಯಾಗುವವರು ಅದರೊಳಗೆ ನಡೆದು ಬರುವಾಗ ಅವರಿಗೆ ಇಷ್ಟವಾದ ಒಂದು ಹಾಡನ್ನು ಹಾಕುತ್ತಾರೆ. ಆಮೇಲೆ ಸಹಿ, ಫೋಟೋ, ಅಷ್ಟೇ.

ಮಷೀನು ಮತ್ತೆ ಓಡತೊಡಗಿತು. ಪಿಟೀಲು ಗಣಿತದ ಪುಸ್ತಕದ ಕೊನೆಯ ಹಾಳೆ ತೆಗೆದು, ಹನ್ನೊಂದರ ಮುಂದೆ ನೀಟಾಗಿ ಒಂದು ತಪ್ಪು ಗುರುತು ಹಾಕಿದಳು.

ಅಮ್ಮ ಹೊಲಿಯುವುದು ಪರದೆಗಳನ್ನು. ಒಂದು ವಾರ ಆಸ್ಪತ್ರೆಗೆ, ಒಂದು ವಾರ ಯಾರದೋ ಹೊಸ ಮನೆಗೆ. ಹೊಲಿದು ಮುಗಿದವು ಮನೆ ತುಂಬ ಹಗ್ಗದ ಮೇಲೆ ತೂಗುತ್ತಿರುತ್ತವೆ. ಹಾಗಾಗಿ ಇವರ ಮನೆಗೆ ವಾರಕ್ಕೊಂದು ಬಣ್ಣ. ಕಳೆದ ವಾರ ಎಲ್ಲ ಹಳದಿ. ಅಮ್ಮನ ಮುಖ ಹಳದಿ, ಲೋಟದ ಹಾಲು ಹಳದಿ. ಈ ವಾರ ನಲವತ್ತು ಕಿಟಕಿಗಳ ಹೋಟೆಲಿಗೆ ನಲವತ್ತು ಜೊತೆ ನೀಲಿ ಪರದೆ. ಗಾಳಿ ಬಂದರೆ ಕೋಣೆಯೆಲ್ಲ ಮೆಲ್ಲಗೆ ಏಳುತ್ತದೆ, ಬೀಳುತ್ತದೆ. ಪಿಟೀಲು ಸಮುದ್ರದ ತಳದಲ್ಲಿ ಕೂತು ಭಾಗಾಕಾರ ಮಾಡುತ್ತಾಳೆ.

ಅವಳು ಪಿಟೀಲನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಹುಟ್ಟಿದಾಗ ಅವಳ ಅಳು ಅಷ್ಟು ಸಣ್ಣಗೆ, ಅಷ್ಟು ಉದ್ದಕ್ಕೆ ಇತ್ತಂತೆ. ಅಪ್ಪ ಇಟ್ಟ ಹೆಸರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು.

ಅಪ್ಪನ ಮುಖ ಅವಳಿಗೆ ನೆನಪಿದೆ. ಆದರೆ ಅದು ಮುಖದ ನೆನಪೋ ಗೋಡೆಯ ಮೇಲಿರುವ ಫೋಟೋದ ನೆನಪೋ, ಗೊತ್ತಾಗುವುದಿಲ್ಲ. ಶಿಳ್ಳೆ ಮಾತ್ರ ಯಾವ ಫೋಟೋದಲ್ಲೂ ಇಲ್ಲ, ಅದು ಅವಳದೇ ನೆನಪು. ಸಂಜೆ ಅಪ್ಪ ಮೂರು ಮಹಡಿ ಹತ್ತುತ್ತ ಒಂದೇ ಒಂದು ಹಾಡನ್ನು ಶಿಳ್ಳೆ ಹೊಡೆಯುತ್ತಿದ್ದ. ದೋಣಿಯ ಹಾಡು. ಹಾಡು ಮೊದಲು ಮನೆಗೆ ಬರುತ್ತಿತ್ತು, ಅಪ್ಪ ಆಮೇಲೆ. ಈಗಲೂ ಒಮ್ಮೊಮ್ಮೆ ಅಮ್ಮ ಹೊಲಿಯುವಾಗ ತನಗೇ ಗೊತ್ತಿಲ್ಲದೆ ಅದನ್ನು ಗುನುಗುತ್ತಾಳೆ.

ಪಿಟೀಲುವಿನ ಲೆಕ್ಕ ಸರಳವಾಗಿತ್ತು. ಹಾಡಿಲ್ಲದೆ ಮದುವೆ ಇಲ್ಲ. ಹಾಡು ಆರಿಸುವವಳು ಅವಳು. ಅವಳು ಆರಿಸುತ್ತಲೇ ಇದ್ದರೆ ಸೋಮವಾರ ಬರುವುದೇ ಇಲ್ಲ.

ಲಿಫ್ಟ್ ಅಂಕಲ್ ಕೆಟ್ಟವರೇನಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಅವರು, ಲಿಫ್ಟೇ ಇಲ್ಲದ ಈ ಕಟ್ಟಡಕ್ಕೆ ಟೂಲ್‌ಬಾಕ್ಸ್ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬರುತ್ತಿದ್ದರು. ಬಂದವರು ಅವಳ ತಲೆ ಸವರುತ್ತಿರಲಿಲ್ಲ, ಚಾಕ್ಲೇಟು ಕೊಟ್ಟು ಹಲ್ಲು ಕಿರಿಯುತ್ತಿರಲಿಲ್ಲ. "ಏನು ಸಮಾಚಾರ?" ಎಂದು ಕೇಳಿ, ಅವಳು ಹೇಳುವ ಸಮಾಚಾರವನ್ನು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು.

ಗುರುವಾರ ಮೂವರೂ ನೋಂದಣಿ ಕಚೇರಿಗೆ ಹೋದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆಯ ಕನ್ನಡಕ ಕೊರಳಿನ ಸರಪಳಿಯಲ್ಲಿ ನೇತಾಡುತ್ತಿತ್ತು. ಆಕೆ ಫಾರಂ ಮೇಲೆ ಬೆರಳು ಓಡಿಸಿದಳು.

"ಹೆಸರು, ಸರಿ. ವಿಳಾಸ, ಸರಿ. ಹಾಡಿನ ಜಾಗ ಖಾಲಿ ಇದೆಯಲ್ಲ?"

ಅಮ್ಮ ಪಿಟೀಲುವಿನ ಕಡೆ ತಿರುಗಿದಳು. "ನಮ್ಮ ಡಿಪಾರ್ಟ್‌ಮೆಂಟ್ ಹೆಡ್ ಇವಳೇ. ಕೇಳಿ."

"ಇನ್ನೂ ನೋಡ್ತಾ ಇದೀನಿ," ಎಂದಳು ಪಿಟೀಲು ಗಂಭೀರವಾಗಿ.

"ನೋಡಮ್ಮ, ನೋಡು. ನಾಳೆ ನಾಲ್ಕು ಗಂಟೆ ಒಳಗೆ ಕೊಟ್ರೆ ಸರಿ. ಕೊಡದಿದ್ರೆ ನಮ್ಮದೇ ಒಂದಿದೆ, ಅದನ್ನ ಹಾಕ್ತೀವಿ." ಗುಮಾಸ್ತೆ ಒಂದು ಗುಂಡಿ ಒತ್ತಿದಳು. ಹಲ್ಲಿನ ಡಾಕ್ಟರ ಹತ್ತಿರ ಕಾಯುವಾಗ ಕೇಳಿಸುವಂಥ ಸಂಗೀತ ಬಂತು.

ಪಿಟೀಲು ತುದಿಗಾಲಲ್ಲಿ ನಿಂತು ಕಿಟಕಿಯೊಳಗೆ ಇಣುಕಿದಳು. "ಹಾಡು ಕೊಡದಿದ್ರೂ ಮದುವೆ ಆಗುತ್ತಾ?"

"ಸಹಿ ಹಾಕದಿದ್ರೆ ಆಗಲ್ಲ ಪುಟ್ಟಿ. ಹಾಡಿಗೇನು? ಹೋದ ವಾರ ಕರೆಂಟೇ ಹೋಯ್ತು. ಒಂದು ಜೋಡಿಗೆ ಹಾಡೂ ಇಲ್ಲ, ಫ್ಯಾನೂ ಇಲ್ಲ. ಬೆವರು ಒರೆಸ್ಕೊಂಡು ಮದುವೆಯಾಗಿ ಹೋದ್ರು. ಚೆನ್ನಾಗೇ ಇದಾರೆ."

ವಾಪಸ್ಸು ಬರುವಾಗ ಪಿಟೀಲು ಇಬ್ಬರ ಹಿಂದೆ ನಡೆದಳು. ಎರಡು ವಾರದಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ ಬಾಗಿಲಿಗೆ ಚಿಲಕವೇ ಇರಲಿಲ್ಲ.

ಆ ಸಂಜೆ ಪರದೆಗಳ ನಡುವೆ ಮಲಗಿ ಅವಳು ಸೋಮವಾರವನ್ನು ಕಣ್ಣ ಮುಂದೆ ತಂದುಕೊಂಡಳು. ಹಾಲಿನ ಬಾಗಿಲು ತೆರೆಯುತ್ತದೆ. ಹಾಡು ಶುರುವಾಗುತ್ತದೆ. ದೋಣಿಯ ಹಾಡು. ಅಮ್ಮನ ಕಾಲು ನಿಂತಲ್ಲೇ ನಿಲ್ಲುತ್ತದೆ. ಗೋಡೆಗಳು ನೀಲಿಯಾಗುತ್ತವೆ, ನೆಲ ಮೆಲ್ಲಗೆ ತೂಗುತ್ತದೆ, ಕೆಳಗಿನ ಮೆಟ್ಟಿಲುಗಳಿಂದ ಯಾರೋ ಶಿಳ್ಳೆ ಹೊಡೆಯುತ್ತ ಹತ್ತಿ ಬರುತ್ತಾರೆ. ಮೊದಲನೇ ಮಹಡಿ. ಎರಡನೇ ಮಹಡಿ.

ಆಮೇಲೆ ಏನು ಎಂಬುದನ್ನು ಅವಳು ಯೋಚಿಸಲಿಲ್ಲ. ಎದ್ದು ಒಂದು ಚೀಟಿಯಲ್ಲಿ ಹಾಡಿನ ಹೆಸರು ಬರೆದು ಜೇಬಿನಲ್ಲಿ ಇಟ್ಟುಕೊಂಡಳು.

ಶುಕ್ರವಾರ ಶಾಲೆ ಎರಡೂವರೆಗೇ ಬಿಟ್ಟಿತು. ಅಮ್ಮ ಪರದೆ ತೂಗಿಹಾಕಲು ಹೋಟೆಲಿಗೆ ಹೋಗಿದ್ದಳು. ಗೇಟಿನ ಹತ್ತಿರ ಲಿಫ್ಟ್ ಅಂಕಲ್ ಕಾಯುತ್ತಿದ್ದರು.

"ಒಂದು ಕಂಪ್ಲೇಂಟ್ ಇದೆ. ಹತ್ತು ನಿಮಿಷದ ಕೆಲಸ. ನೋಡ್ಕೊಂಡು ಆಮೇಲೆ ಆಫೀಸಿಗೆ ಹೋಗೋಣ, ಆಗಬಹುದಾ?"

"ಹೂಂ," ಎಂದಳು ಪಿಟೀಲು. ಕೈ ಜೇಬಿನಲ್ಲೇ ಇತ್ತು.

ಆರು ಮಹಡಿಯ ಹಳೆಯ ಕಟ್ಟಡ. ಲಿಫ್ಟು ಎಳೆಯುವ ಮೋಟಾರು ಇದ್ದದ್ದು ಎಲ್ಲಕ್ಕಿಂತ ಮೇಲೆ, ತಾರಸಿಯ ಒಂದು ಪುಟ್ಟ ಕೋಣೆಯಲ್ಲಿ. ಅರೆಗತ್ತಲು, ಎಣ್ಣೆಯ ವಾಸನೆ. ಕೆಳಗೆ ಯಾರೋ ಗುಂಡಿ ಒತ್ತಿದಾಗ ದೊಡ್ಡ ಚಕ್ರ ತಾನಾಗಿಯೇ ಎಚ್ಚೆತ್ತು ತಿರುಗುತ್ತಿತ್ತು. ಹಗ್ಗಗಳು ಕತ್ತಲೆಯೊಳಗೆ ಇಳಿಯುತ್ತಿದ್ದವು, ಇನ್ನೊಂದು ಕಡೆಯಿಂದ ಮೇಲೆ ಬರುತ್ತಿದ್ದವು.

ಅಂಕಲ್ ಅವಳನ್ನು ಹಳದಿ ಗೆರೆಯ ಹಿಂದೆ ನಿಲ್ಲಿಸಿದರು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು.

"ಏನು ಮಾಡ್ತಿದೀರಿ?"

"ಕೇಳ್ತಿದೀನಿ. ಬಾ, ನೀನೂ ಕೇಳು. ನಾನು ಹಿಡ್ಕೋತೀನಿ."

ಪಿಟೀಲು ಹಿಡಿಗೆ ಕಿವಿ ಕೊಟ್ಟಳು. ಮೊದಲು ಬರೀ ಗುಂಯ್ ಎಂಬ ಸದ್ದು. ಆಮೇಲೆ ಅದರೊಳಗೆ ಇನ್ನೊಂದು. ತುಂಬ ದೂರದಲ್ಲಿ, ನೀರಿನ ಕೆಳಗೆ ಯಾರೋ ಬೆರಳಿನಿಂದ ತಟ್ಟಿದ ಹಾಗೆ. ಟಿಕ್. ಟಿಕ್.

"ಕೇಳಿಸ್ತಾ? ಬೇರಿಂಗ್‌ಗೆ ಸುಸ್ತಾಗಿದೆ. ಇನ್ನೊಂದು ತಿಂಗಳಲ್ಲಿ ಕೆಟ್ಟು ಕೂರ್ತಿತ್ತು."

"ಇಷ್ಟು ಸಣ್ಣದೂ ನಿಮಗೆ ಗೊತ್ತಾಗುತ್ತಾ? ಹಾಗಿದ್ರೆ ಹಾಡು ಇನ್ನೂ ಚೆನ್ನಾಗಿ ಗೊತ್ತಾಗಬೇಕು."

ಅಂಕಲ್ ಸ್ಕ್ರೂಡ್ರೈವರ್ ಒರೆಸುತ್ತ ಬಾಗಿಲ ಕಡೆ ಒಮ್ಮೆ ನೋಡಿದರು, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ. "ಒಂದು ವಿಷಯ ಹೇಳ್ತೀನಿ, ನಿಮ್ಮಮ್ಮನಿಗೆ ಹೇಳ್ಬೇಡ. ನಂಗೆ ಎಲ್ಲ ಹಾಡೂ ಒಂದೇ."

"ಒಂದೇ ಅಂದ್ರೆ?"

"ಒಂದೇ ಅಂದ್ರೆ ಒಂದೇ. ಯಾವುದು ಯಾವುದು ಅಂತ ಗೊತ್ತಾಗಲ್ಲ. ಶಾಲೆಯಲ್ಲಿ ಹಾಡಿನ ಟೀಚರು ನಂಗೆ ಬರೀ ಬಾಯಿ ಆಡಿಸು ಅಂದಿದ್ರು. ಆರು ವರ್ಷ ಆಡಿಸಿದೀನಿ."

ಪಿಟೀಲುವಿಗೆ ನಂಬಿಕೆ ಬರಲಿಲ್ಲ. ಅವಳು ಎರಡು ಹಾಡು ಗುನುಗಿದಳು. ಮೊದಲನೆಯದನ್ನೇ ಇನ್ನೊಮ್ಮೆ ಗುನುಗಿದಳು. "ಇದು ಒಂದನೇದಾ, ಎರಡನೇದಾ?"

"ಮೂರನೇದು," ಎಂದರು ಅಂಕಲ್, ತುಂಬ ಯೋಚಿಸಿ.

ಹಾಗಾದರೆ ಇವರಿಗೆ ಗೊತ್ತೇ ಆಗುವುದಿಲ್ಲ. ದೋಣಿಯ ಹಾಡು ಬರುತ್ತದೆ, ಅಮ್ಮ ನಿಂತುಬಿಡುತ್ತಾಳೆ, ಇವರು ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ಮನೆ ನಗುತ್ತ ನಿಂತಿರುತ್ತಾರೆ. ಪಿಟೀಲುವಿಗೆ ನಗು ಬರಬೇಕಾಗಿತ್ತು. ಯಾಕೋ ಬರಲಿಲ್ಲ.

"ಅಮ್ಮ ಹೊಲಿಯೋವಾಗ ಗುನುಗ್ತಾಳಲ್ಲ, ಅದೂ ಗೊತ್ತಾಗಲ್ವಾ?"

"ಹಾಡು ಗೊತ್ತಾಗಲ್ಲ. ಮಷೀನು ಗೊತ್ತಾಗುತ್ತೆ." ಅಂಕಲ್ ಬೇರಿಂಗ್‌ಗೆ ಒಂದೊಂದೇ ಹನಿ ಎಣ್ಣೆ ಬಿಡುತ್ತಿದ್ದರು. "ಬೇರೆ ಯಾವುದು ಗುನುಗಿದ್ರೂ ಮಷೀನು ಅದರ ಪಾಡಿಗೆ ಓಡುತ್ತೆ. ಒಂದಕ್ಕೆ ಮಾತ್ರ ನಿಧಾನ ಆಗುತ್ತೆ. ಅವರ ಕಾಲು ಹಗುರ ಆಗಿಬಿಡುತ್ತೆ ಅಂತ ಕಾಣುತ್ತೆ. ಕೆಳಗಿನ ಮೆಟ್ಟಿಲಿಗೇ ಕೇಳಿಸುತ್ತೆ ನಂಗೆ. ಆಗ ನಾನು ಮೇಲೆ ಬರಲ್ಲ."

"ಮತ್ತೆ?"

"ಅಲ್ಲೇ ನಿಂತಿರ್ತೀನಿ. ಮುಗೀಲಿ ಅಂತ."

"ಯಾಕೆ?"

"ಒಳಗೆ ಅವರ ಜೊತೆ ಯಾರೋ ಮಾತಾಡ್ತಾ ಕೂತ ಹಾಗಿರುತ್ತೆ. ನಡುವೆ ಹೋಗಿ ಬಾಗಿಲು ಬಡಿಯೋದು ಚೆನ್ನಾಗಿರಲ್ಲ."

ಪಿಟೀಲು ಅವರನ್ನು ಮೆಟ್ಟಿಲ ಮೇಲೆ ನೋಡಿದ್ದಳು. ಒಂದಲ್ಲ, ಮೂರು ಸಲ. ಟೂಲ್‌ಬಾಕ್ಸ್ ಕಾಲ ಬಳಿ ಇಟ್ಟು, ಗೋಡೆ ನೋಡುತ್ತ ನಿಂತಿದ್ದರು. ಲಿಫ್ಟಿನವರಿಗೆ ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು ಎಂದು ಅವಳು ಒಳಗೊಳಗೇ ನಕ್ಕಿದ್ದಳು.

ದೊಡ್ಡ ಚಕ್ರ ಎಚ್ಚೆತ್ತು ಮತ್ತೆ ತಿರುಗಿತು. ಈ ಸಲ ಸದ್ದೇ ಇರಲಿಲ್ಲ. ಹಗ್ಗಗಳು ಇಳಿದವು, ಏರಿದವು. ಯಾರೋ ಕಾಣದವರು ಮೆತ್ತಗೆ ಮೇಲೆ ಬರುತ್ತಿದ್ದರು.

"ಅಂಕಲ್, ಡೋಲು ಗೊತ್ತಾಗುತ್ತಾ ನಿಮಗೆ?"

"ಡೋಲು ಅಂದ್ರೆ ಏಟು ತಾನೆ? ಏಟಾದ್ರೆ ಗೊತ್ತಾಗುತ್ತೆ."

ಶಾಲೆಯ ಸಭೆ ಮುಗಿದು ಸಾಲು ಹೊರಡುವಾಗ ಹಾಕುವ ಒಂದು ಹಾಡಿತ್ತು. ಮೊದಲು ಡೋಲು ಒಂದೇ, ಹತ್ತು ಏಟು, ಅವಸರವಿಲ್ಲದೆ. ಆಮೇಲೆ ಕೊಳಲು ಬಂದು ಸೇರಿಕೊಳ್ಳುತ್ತದೆ. ಪಿಟೀಲು ಟೂಲ್‌ಬಾಕ್ಸಿನ ಮುಚ್ಚಳದ ಮೇಲೆ ಬಾರಿಸಿ ತೋರಿಸಿದಳು. "ಹತ್ತನೇ ಏಟಿಗೆ ಬಲಗಾಲು. ಮುಂಚೆ ಹೊರಡಬಾರದು."

ಮೊದಲ ಸಲ ಅಂಕಲ್ ಎಂಟಕ್ಕೇ ಹೊರಟರು. ಎರಡನೇ ಸಲ ಹನ್ನೊಂದಾಯಿತು. ಮೂರನೇ ಸಲ, ಆ ಪುಟ್ಟ ಕೋಣೆಯಲ್ಲಿ, ಎಣ್ಣೆಡಬ್ಬಿ ಕೈಯಲ್ಲಿ ಹಿಡಿದುಕೊಂಡು, ಸರಿಯಾಗಿ ಹತ್ತಕ್ಕೆ ಕಾಲು ಮುಂದಿಟ್ಟರು.

ಕಚೇರಿಗೆ ಹೋದಾಗ ಮೂರೂ ಮುಕ್ಕಾಲು. ಗುಮಾಸ್ತೆ ಕನ್ನಡಕ ಏರಿಸಿ ಫಾರಂ ಮುಂದಿಟ್ಟಳು. ಪಿಟೀಲು ಜೇಬಿನ ಚೀಟಿಯನ್ನು ಹೊರಗೆ ತೆಗೆಯಲಿಲ್ಲ. ಖಾಲಿ ಜಾಗದಲ್ಲಿ ಡೋಲಿನ ಹಾಡಿನ ಹೆಸರನ್ನು ಒಂದೂ ಚಿತ್ತಿಲ್ಲದೆ ಬರೆದಳು.

ಹೋಟೆಲಿನ ಹಾಲಿನಲ್ಲಿ ಅಮ್ಮ ಏಣಿಯ ತುದಿಯಲ್ಲಿದ್ದಳು. ಮೂವತ್ತೊಂಬತ್ತು ಕಿಟಕಿಗಳ ಪರದೆ ಮುಗಿದಿತ್ತು. ಅಂಕಲ್ ಟೂಲ್‌ಬಾಕ್ಸ್ ಕೆಳಗಿಟ್ಟು ಏಣಿ ಹಿಡಿದರು.

"ಕೊಟ್ಟಾಯ್ತಾ ಹಾಡು?"

"ಕೊಟ್ಟೆ. ನಮ್ಮ ಶಾಲೇಲಿ ಹಾಕ್ತಾರಲ್ಲ, ಡೋಲಿಂದು, ಅದು."

ಅಮ್ಮ ಕೊಕ್ಕೆ ಸಿಕ್ಕಿಸುವುದನ್ನು ನಿಲ್ಲಿಸಿದಳು. "ಅದಾ? ನಾನು ಬೇರೆ ಒಂದು ಬರುತ್ತೆ ಅಂದ್ಕೊಂಡಿದ್ದೆ."

ಯಾವುದು ಎಂದು ಪಿಟೀಲು ಕೇಳಲಿಲ್ಲ. "ಬಂದಿದ್ರೆ?"

"ಬಂದಿದ್ರೆ ಕೇಳ್ತಿದ್ದೆ. ಕಾಲು ಮುಂದೆ ಹೋಗ್ತಿತ್ತೋ ಇಲ್ವೋ, ಗೊತ್ತಿಲ್ಲ."

"ಅದು ಮನೇಲೇ ಇರ್ಲಿ, ಅಮ್ಮಾ."

ಅಮ್ಮ ಕೆಳಗೆ ನೋಡಿದಳು. ಕೈಯಲ್ಲಿದ್ದ ಕೊಕ್ಕೆಯನ್ನು ನಿಧಾನವಾಗಿ ಸಿಕ್ಕಿಸಿದಳು. ಅಂಕಲ್ ಏಣಿಯ ಒಂದು ಸ್ಕ್ರೂವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು.

"ಮತ್ತೆ ನೀವು ಕೇಳಿದ್ರಾ?" ಎಂದಳು ಅಮ್ಮ ಕೊನೆಗೆ, ಅವರಿಗೆ. "ಹೇಗಿದೆ ಹಾಡು?"

"ಬಹಳ ಚೆನ್ನಾಗಿದೆ," ಎಂದರು ಅಂಕಲ್, ಸ್ವಲ್ಪ ಬೇಗನೇ.

ಪಿಟೀಲು ನಗಲಿಲ್ಲ. ಬಾಯಿ ಬಿಡಲಿಲ್ಲ.

ಅಮ್ಮ ಹಗ್ಗ ಜಗ್ಗಿದಳು. ನಲವತ್ತನೆಯ ಪರದೆ ಕಂಬಿಯ ಮೇಲೆ ಸರಸರನೆ ಸರಿಯಿತು. ಅಷ್ಟು ದೊಡ್ಡ ಹಾಲು ಒಂದೇ ಉಸಿರಿಗೆ ನೀಲಿಯಾಯಿತು. ಏಣಿ ಒಂದಿಷ್ಟು ಅಲುಗಿದ ಹಾಗೆ ಕಂಡಿತು. ಪಿಟೀಲು ಹೋಗಿ ಅದರ ಇನ್ನೊಂದು ಕಾಲನ್ನು ಹಿಡಿದುಕೊಂಡಳು.