ಅಕ್ಕನ ಏಳು ನಿಮಿಷ

ರೇಡಿಯೋ ಪೀಪ್ ಪೀಪ್ ಎಂದು ಎಂಟು ಗಂಟೆ ಹೇಳಿತು. ಚಂದವ್ವ ಕೈಯಲ್ಲಿದ್ದ ವಾಚು ನೋಡಿದಳು. ಸರಿಯಾಗಿ ಎಂಟು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಬೇರೆ ಯಾರೇ ಆಗಿದ್ದರೂ ಖುಷಿಪಡುತ್ತಿದ್ದರು. ಚಂದವ್ವ ಮಾತ್ರ ಎದ್ದು ಹೋಗಿ ತಮ್ಮ ಬಸಂತರಾಯನ ಬೆನ್ನಿಗೆ ಧಪ್ಪಂತ ಒಂದು ಗುದ್ದು ಕೊಟ್ಟಳು. ಪಾಪ, ಅವನು ರೊಟ್ಟಿ ತಿನ್ನುತ್ತಿದ್ದ.

“ಅವ್ವಾ! ನೋಡ ಇಕಿನ್ನ!”

“ಖರೇ ಹೇಳು, ಅಕ್ಕನ ವಾಚ್ ಯಾಕ ಮುಟ್ಟಿದಿ? ಚಾವಿ ಯಾಕ ತಿರುವಿದಿ?”

“ನಾ ಮುಟ್ಟಿಲ್ಲ! ದೇವರಾಣಿ ಮುಟ್ಟಿಲ್ಲ!”

“ಮತ್ತ ಏಳು ನಿಮಿಷ ಎಲ್ಲಿ ಹೋದ್ವು?”

ರೊಟ್ಟಿ ಬಡಿಯುತ್ತಿದ್ದ ಅವ್ವ ಒಲೆಯ ಮುಂದಿನಿಂದಲೇ ಅಂದಳು: “ವಾಚ್ ಕರೆಕ್ಟ್ ಟೈಮ್ ತೋರಸಾಕತ್ತೈತಿ ಅಂತ ಅಳೋರನ್ನ ನಾ ಇವತ್ತ ನೋಡಿದೆ ನೋಡವಾ!”

ಅವ್ವನಿಗೆ ಏನು ಗೊತ್ತು? ಆ ಏಳು ನಿಮಿಷ ಅಕ್ಕನವು.

ಅಕ್ಕ ಕಸ್ತೂರೆವ್ವ ಹತ್ತನೆಯ ತರಗತಿಗೆ ಹೋದಾಗ ಅಪ್ಪ ಈ ವಾಚು ಕೊಡಿಸಿದ್ದ. ಇಡೀ ಸಿಂದಗಿಯಲ್ಲಿ ಅಕ್ಕನಷ್ಟು ತಡಮಾಡುವವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ಅವಳು ಮುಳ್ಳನ್ನು ಏಳು ನಿಮಿಷ ಮುಂದಿಟ್ಟುಕೊಂಡಿದ್ದಳು. “ಐದ ಇಟ್ರ ನಾ ಏಳೂದಿಲ್ಲ. ಹತ್ತ ಇಟ್ರ ಸುಳ್ಳಂತ ಗೊತ್ತಾಗತೈತಿ. ಏಳು ಬರೋಬರಿ!” ಎಂದು ನಗುತ್ತಿದ್ದಳು.

ಪರೀಕ್ಷೆ ಮುಗಿಯಿತು, ಬೇಸಿಗೆಯಲ್ಲಿ ಮದುವೆಯೂ ಆಯಿತು. ಅಕ್ಕನನ್ನು ಹೂವಿನ ಹಿಪ್ಪರಗಿಗೆ ಕೊಟ್ಟರು. ಹೊರಡುವಾಗ ಅವಳು ವಾಚು ಬಿಚ್ಚಿ ಚಂದವ್ವನ ಕೈಗೆ ಕಟ್ಟಿದಳು. “ಅಲ್ಲಿ ನನ್ನ ಎಬ್ಬಸಾಕ ನಾಕ ಎಮ್ಮಿ ಅದಾವಂತ. ಇದು ನಿನಗಿರಲಿ” ಅಂದು ನಕ್ಕಳು. ನಗುತ್ತಲೇ ಅತ್ತಳು.

ಅಂದಿನಿಂದ ಚಂದವ್ವ ದಿನಾ ಬೆಳಿಗ್ಗೆ ವಾಚಿಗೆ ಚಾವಿ ಕೊಡುತ್ತಿದ್ದಳು. ಆದರೆ ಚಾವಿಯನ್ನು ಹೊರಕ್ಕೆಳೆದು ಮುಳ್ಳು ತಿರುಗಿಸಿದ್ದು ಒಮ್ಮೆಯೂ ಇಲ್ಲ. ಅಕ್ಕ ತನ್ನ ಕೈಯಾರೆ ಇಟ್ಟ ಟೈಮು ಅದು. ಪಂಚಮಿಗೆ ಅಕ್ಕ ಬಂದು ನೋಡಿದಾಗ ಹಾಗೆಯೇ ಇರಬೇಕು. ರೇಡಿಯೋದ ಸೆಲ್ಲು ಯಾವಾಗಲೋ ಮುಗಿದಿದ್ದವು. ಶಾಲೆಯ ಗಂಟೆಯಂತೂ ಹೆಡ್‌ಮಾಸ್ತರರಿಗೆ ನೆನಪಾದಾಗ ಬಾರಿಸುತ್ತಿತ್ತು. ನಿನ್ನೆ ಅಪ್ಪ ಹೊಸ ಸೆಲ್ಲು ತಂದು ಹಾಕಿದ್ದರಿಂದ ಇವತ್ತು ಈ ಅನಾಹುತ ತಿಳಿಯಿತು. ಪಂಚಮಿಗೆ ಇನ್ನು ನಾಲ್ಕೇ ದಿನ.

ಚಂದವ್ವ ಪಾಟೀಚೀಲ ಹಾಕಿಕೊಂಡವಳೇ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ಫಕ್ರುದ್ದೀನ ಕಾಕಾನ ವಾಚು ರಿಪೇರಿ ಅಂಗಡಿಗೆ ಹೊರಟಳು. ಬೆನ್ನು ತಿಕ್ಕಿಕೊಳ್ಳುತ್ತ ಬಸಂತನೂ ಹಿಂದೆ ಹೊರಟ. ತಾನು ಕಳ್ಳನಲ್ಲ ಅಂತ ಅವಳಿಗೆ ಗೊತ್ತಾಗಬೇಕಿತ್ತಲ್ಲ!

ಚಂದವ್ವ ಅಕ್ಕನ ಏಳು ನಿಮಿಷದ ಕಥೆಯನ್ನೆಲ್ಲ ಹೇಳಿದಳು. ಕಾಕಾ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ವಾಚಿನ ಹೊಟ್ಟೆ ತೆರೆದು ನೋಡಿದ.

“ಏನೂ ಕೆಟ್ಟಿಲ್ಲವಾ. ಅಕ್ಕ ಕೊಟ್ಟು ಎಷ್ಟ ದಿನ ಆತು?”

“ಎಂಬತ್ನಾಕು.”

ಕಾಕಾ ತಲೆಯೆತ್ತಿ ಅವಳನ್ನು ನೋಡಿದ. “ಅಬ್ಬಬ್ಬಾ, ದಿನಾ ಎಣಸಾಕತ್ತೀಯೇನ? ಹಂಗಾರ ಲೆಕ್ಕ ಮಾಡು. ಏಳು ನಿಮಿಷಕ್ಕ ಸೆಕೆಂಡ್ ಎಷ್ಟು?”

“ನಾನೂರಾ ಇಪ್ಪತ್ತು.”

“ಎಂಬತ್ನಾಕರಿಂದ ಭಾಗಿಸು.”

ಚಂದವ್ವ ಪಾಟಿ ತೆಗೆದು ಭಾಗಿಸಿದಳು. ಐದು. ಶೇಷ ಏನೂ ಉಳಿಯಲಿಲ್ಲ.

“ನೋಡು, ದಿನಕ್ಕ ಐದು ಸೆಕೆಂಡ್ ಹಿಂದ ಬೀಳತೈತಿ. ಚಾವಿ ವಾಚೆಲ್ಲಾ ಹಿಂಗ. ಒಂದು ಹಿಂದ, ಒಂದು ಮುಂದ. ಯಾರೂ ಮುಟ್ಟಿಲ್ಲ.”

“ದಿನಾ ಬೀಳತೈತೇನ್ರಿ ಕಾಕಾ?”

“ದಿನಾ. ನೀ ಮಲಗಿದಾಗೂ.”

“ಒಂದು, ಎರಡು, ಮೂರು, ನಾಕು, ಐದು. ಇಷ್ಟ!” ಎಂದ ಬಸಂತ.

ಚಂದವ್ವನ ಕಣ್ಣು ತುಂಬಿ ಬಂದವು. ತಾನು ಕೈಗೆ ಕಟ್ಟಿಕೊಂಡೇ ಇದ್ದರೂ ಅಕ್ಕನ ಟೈಮು ದಿನಾ ಇಷ್ಟಿಷ್ಟೇ ಜಾರಿಹೋಗಿದೆ. ತನಗೆ ಗೊತ್ತೇ ಆಗಿಲ್ಲ. ತಮ್ಮನನ್ನು ಸುಮ್ಮನೆ ಬೇರೆ ಹೊಡೆದಳು.

“ಕಾಕಾ, ಮತ್ತ ಏಳು ನಿಮಿಷ ಮುಂದಿಟ್ಟು ಕೊಡ್ರಿ. ಅಕ್ಕ ಬರ್ತಾಳ.”

“ನನ್ನ ಅಂಗಡ್ಯಾಗ ಹತ್ತು ಗಡಿಯಾರ ಅದಾವು. ಹತ್ತೂ ಹತ್ತು ಟೈಮ್ ಹೇಳ್ತಾವು!” ಕಾಕಾ ನಕ್ಕ. “ಮುಂದಿಡಬೇಕಂದ್ರೂ ಮೊದಲ ಖರೇ ಟೈಮ್ ಗೊತ್ತಿರಬೇಕು. ಅದು ರೇಡಿಯೋದಾಗ ಸಿಗತೈತಿ. ನೀನ ಇಡು, ನಾ ಹೇಳಿಕೊಡ್ತೇನಿ.”

ಕಾಕಾ ತೋರಿಸಿಕೊಟ್ಟ. ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದ ಕೂಡಲೇ ಚಾವಿಯನ್ನು ಉಗುರಿನಿಂದ ಹೊರಗೆಳೆಯಬೇಕು. ಮುಳ್ಳು ಅಲ್ಲೇ ನಿಲ್ಲುತ್ತದೆ. ಆಮೇಲೆ ನಿಮಿಷದ ಮುಳ್ಳನ್ನು ಬೇಕಾದ ಗೆರೆಯ ಮೇಲೆ ತರಬೇಕು. ರೇಡಿಯೋದ ಕೊನೆಯ ಪೀಪ್ ಕೇಳಿದೊಡನೆ ಚಾವಿಯನ್ನು ಒಳಗೊತ್ತಬೇಕು.

“ಪೀಪ್ ಕೇಳೂತನಕ ಉಸರು ಬಿಡಬ್ಯಾಡ!” ಎಂದ ಕಾಕಾ. ಚೇಷ್ಟೆಗೆ ಅಂದದ್ದನ್ನು ಚಂದವ್ವ ಖರೇ ಅಂತಲೇ ತಿಳಿದಳು.

ದಾರಿಯಲ್ಲಿ ಅವಳು ಬಸಂತನಿಗೆ ಪೆಪ್ಪರಮಿಂಟು ಕೊಡಿಸಿದಳು. “ನೋವಾತೇನೋ?” ಎಂದು ಕೇಳಿದಳು.

“ಇನ್ನೊಂದು ಕೊಡಿಸಿದ್ರ ಕಡಿಮಿ ಆಗತೈತಿ” ಎಂದ ಅವನು.

ಮರುದಿನ ಎಂಟಕ್ಕೆ ಸರಿಯಾಗಿ ಬಸಂತ ಸೀನಿ ಎಲ್ಲ ಕೆಡಿಸಿದ. ಅದರ ಮರುದಿನ ಉಸಿರು ಬಿಗಿಹಿಡಿದು ಕೂತ ಚಂದವ್ವ ಕೊನೆಯ ಪೀಪಿಗೆ ಟಕ್ಕಂತ ಚಾವಿ ಒತ್ತಿದಳು. ಎಂಟು ಗಂಟೆ ಏಳು ನಿಮಿಷ. ಬರೋಬರಿ!

ಪಂಚಮಿಗೆ ಅಕ್ಕ ಬಂದಳು. ಹಸಿರು ಬಳೆ, ದೊಡ್ಡ ಕುಂಕುಮ. ಜೋಕಾಲಿ ಆಡಿದಳು, ಉಂಡಿ ತಿಂದಳು. ಆದರೆ ನಸುಕಿನಲ್ಲೇ ಎದ್ದು ಕಸ ಹೊಡೆಯುತ್ತಿದ್ದಳು. ಯಾರೂ ಎಬ್ಬಿಸಬೇಕಾಗಲಿಲ್ಲ. “ನಮ್ಮ ಮನ್ಯಾಗ ಉಂಡಿಗೆ ಏಲಕ್ಕಿ ಭಾಳ ಹಾಕ್ತೇವಿ” ಎಂದಳು ಒಮ್ಮೆ.

ನಮ್ಮ ಮನಿ ಇದಲ್ಲೇನು? ಚಂದವ್ವ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೆ ಇಟ್ಟುಬಿಟ್ಟಳು. ಮೂರು ದಿನ ಅಕ್ಕನ ಕಣ್ಣ ಮುಂದೆ ವಾಚು ಕಟ್ಟಿದ ಕೈ ಆಡಿಸುತ್ತ ತಿರುಗಿದಳು. ಅಕ್ಕ ವಾಚಿನ ಕಡೆ ನೋಡಲೇ ಇಲ್ಲ. ಪಕ್ಕದಲ್ಲೇ ಮಲಗಿದ ಅಕ್ಕ ಹಿಪ್ಪರಗಿಯಷ್ಟು ದೂರ ಇದ್ದಂತೆ ಅನಿಸಿತು.

ನಾಲ್ಕನೆಯ ದಿನ ಅಕ್ಕ ಹೊರಟಳು. ಹತ್ತು ಗಂಟೆಯ ಬಸ್ಸು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಟಿಕೆಟು ವಿಚಾರಿಸಲು ಹೋದ. ಅಕ್ಕ ತಂಗಿ ಕಲ್ಲುಕಟ್ಟೆಯ ಮೇಲೆ ಕೂತರು. ಅಕ್ಕ ಚಂದವ್ವನ ಕೈ ತಿರುಗಿಸಿ ವಾಚು ನೋಡಿದವಳೇ ಗಡಬಡಿಸಿ ಎದ್ದಳು.

“ಅಯ್ಯ, ಹತ್ತಾತಲ್ಲ! ನಡಿ ನಡಿ!”

“ಕೂಡಕ್ಕ. ಇನ್ನೂ ಏಳು ನಿಮಿಷ ಅದಾವು.”

ಅಕ್ಕ ನಿಂತಳು. ವಾಚು ನೋಡಿದಳು, ತಂಗಿಯ ಮುಖ ನೋಡಿದಳು. “ಏ ಹುಚ್ಚಿ! ನಾ ಇಟ್ಟದ್ದು ಇನ್ನೂ ಹಂಗ ಐತೇನ?”

“ಇಲ್ಲ. ನೀ ಇಟ್ಟದ್ದು ಹೋತು. ದಿನಾ ಐದೈದು ಸೆಕೆಂಡ್ ಹೋಗಿ ಎಲ್ಲಾ ಹೋತು. ಇದು ನಾ ಇಟ್ಟದ್ದು. ರೇಡಿಯೋ ಪೀಪ್ ಕೇಳಿ ಇಟ್ಟೇನಿ.” ಇಷ್ಟು ಹೇಳುವಷ್ಟರಲ್ಲಿ ಚಂದವ್ವನಿಗೆ ಅಳು ಬಂತು. “ನೀ ಮರತಬಿಟ್ಟಿ ಅಂತ ತಿಳಕೊಂಡಿದ್ದೆ.”

ಅಕ್ಕ ಮತ್ತೆ ಕೂತಳು. ಸೆರಗಿನಿಂದ ತಂಗಿಯ ಮೂಗೊರೆಸಿದಳು.

“ನಮ್ಮ ಮಾವನವ್ರು ಎಂಟಕ್ಕ ರೇಡಿಯೋ ಹಚ್ತಾರ. ಆ ಪೀಪ್ ಪೀಪ್ ಪಡಸಾಲ್ಯಾಗಿಂದ ನನಗ ಒಲಿ ಮುಂದ ಕೇಳಸತೈತಿ. ಈಗ ನಮ್ಮ ಚಂದಿ ಜಡಿ ಹಾಕಿಸಿಕೋತಿರಬೇಕು, ಅವ್ವ ಬೈತಿರಬೇಕು ಅಂತ ನೆನಸ್ತೇನಿ. ಒಮ್ಮೊಮ್ಮೆ ರೊಟ್ಟಿ ಹೊತ್ತತಾವು.”

“ದಿನಾ ನೆನಸ್ತಿ?”

“ದಿನಾ.”

ಚಂದವ್ವ ಅಕ್ಕನ ತೋಳಿಗೆ ಒರಗಿ ಕೂತಳು. ಏಳು ನಿಮಿಷ ಇಷ್ಟು ದೊಡ್ಡದಿರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಕಂಡಕ್ಟರ್ ಚಹಾ ಮುಗಿಸಿ ಸೀಟಿ ಊದಿದ. ಅಕ್ಕ ಕಿಟಕಿಯಿಂದ ಕೈಬೀಸುತ್ತ ಹೋದಳು.

ಮರುದಿನ ಬೆಳಿಗ್ಗೆ ಚಂದವ್ವ ರೇಡಿಯೋದ ಮುಂದೆ ಕೂತು ಚಾವಿ ಎಳೆದಳು. ಬಸಂತ ಬಗ್ಗಿ ನೋಡಿದ.

“ಏ, ಮುಳ್ಳು ಎಂಟರ ಮ್ಯಾಲ ಇಟ್ಟೀಯಲ್ಲ! ಏಳು ನಿಮಿಷ ಮುಂದ ಬ್ಯಾಡೇನ?”

“ಬ್ಯಾಡ. ಸುಮ್ಮನಿರು, ಸೀನಬ್ಯಾಡ.”

ಪೀಪ್ ಪೀಪ್ ಶುರುವಾಯಿತು. ಹಿಪ್ಪರಗಿಯ ಒಲೆಯ ಮುಂದೆ ಅಕ್ಕನೂ ಈಗ ಕೇಳುತ್ತಿರಬೇಕು. ಚಂದವ್ವ ಉಸಿರು ಬಿಗಿಹಿಡಿದಳು. ಕೊನೆಯ ಪೀಪಿಗೆ ಚಾವಿ ಒತ್ತಿದಳು.